ಒಂದೂವರೆ ಮಣದ ಬಿಲ್ಲು

ಗಾಣದ ಉರುಳೆ ಅಪ್ಪನ ಬಲಗೈಯ ಎರಡು ಬೆರಳನ್ನು
ಕಬ್ಬಿನ ಜೊತೆ ಕುಡಿದ ವರ್ಷ
ಎರಡೂವರೆ ಮಣದ ಬಿಲ್ಲು ಅಟ್ಟಕ್ಕೇರಿತು.
ಹೊಸದಕ್ಕೆ ಬಿದಿರು ಸೀಳಿ, ತಿಂಗಳು ಹೊಗೆಗೆ ತೂಗಿ,
ಕೆರೆದು ಕೆರೆದು ತೆಳ್ಳಗೆ ಮಾಡಿಕೊಂಡ,
ಉಳಿದ ಬೆರಳುಗಳು ಒಪ್ಪುವ ತನಕ.

ತೂಕ ನೋಡಿದ್ದು ಆಲೆಮನೆಯಲ್ಲೇ.
ಬಿಲ್ಲನ್ನು ತೊಲೆಗೆ ಸಿಕ್ಕಿಸಿ, ಹೆದೆಗೆ ಗೋಣಿ ಕಟ್ಟಿ
ಒಂದೊಂದೇ ಅಚ್ಚು ಬೆಲ್ಲ ಹಾಕುತ್ತ ಹೋದೆ ನಾನು.
ಹೆದೆ ಇಳಿದು ಬಾಣದುದ್ದ ಮುಟ್ಟಿದಾಗ
'ಸಾಕು' ಅಂದ. ತಕ್ಕಡಿಯವನು ಚೀಲ ತೂಗಿ
'ಒಂದೂವರೆ ಮಣ, ಬೆಟ್ಟನಾಯ್ಕ!' ಎಂದು ಕೂಗಿದ.
ಬೆಲ್ಲ ಕೊಳ್ಳಲು ಬಂದವರು ತಿರುಗಿ ನೋಡಿದರು.
ಅಪ್ಪ ಬಿಲ್ಲು ಇಳಿಸಿಕೊಂಡು ನಾಲೆಯ ಕಡೆ ನಡೆದ.

ಕಿರುಗಾವಲಿನ ಸಂತೆಯ ಹಿಂದೆ ಪುಟ್ಟಲಿಂಗಾಚಾರಿಯ ಕುಲುಮೆ.
ತಿದಿ ಒತ್ತುವವಳು ಸೊಸೆ ಕಾಳವ್ವ.
ಗೋಣಿತಾಟಿನ ಮೇಲೆ ಮೂರು ಮೊನೆ ಇಟ್ಟ:
ಅರಳಿ ಎಲೆಯಂಥದು, ಮೂರು ಬೆರಳಗಲ;
ಹಿಮ್ಮುಳ್ಳಿನದು, ಹೊಕ್ಕರೆ ಹಿಂದೆ ಬಾರದ್ದು;
ಇನ್ನೊಂದು ಬಿದಿರೆಲೆ, ಸಪೂರ, ನೋಡಲು ಏನೂ ಅಲ್ಲದ್ದು.

ಅಪ್ಪನ ಕೈ ಅರಳಿ ಎಲೆಗೇ ಹೋಯಿತು.
ಅವನಪ್ಪನ ಬತ್ತಳಿಕೆಯಲ್ಲಿ ಇದ್ದದ್ದು ಅದೇ.

'ಅಗಲ ಮಾಡ್ಬೌದು ಕಣಣ್ಣ,' ಅಂದ ಆಚಾರಿ, ಕಿಟ್ಟ ಉದುರಿಸುತ್ತ,
'ಅಗಲಕ್ಕೆ ಕೂಲಿ ಕೊಡೋರ್ಯಾರು? ನಿನ್ ಬಿಲ್ಲಲ್ವಾ?
ಐತಾ ಅದರತ್ರ ಅಷ್ಟು ಕಾಸು?'

ಹಿತ್ತಲಲ್ಲಿ ಬಾಳೆದಿಂಡಿಗೆ ಹಳೇ ಎಮ್ಮೆಚರ್ಮ ಸುತ್ತಿ ನಿಲ್ಲಿಸಿದರು.
ಅರಳಿ ಎಲೆ ನಾಲ್ಕು ಬೆರಳು ಹೋಗಿ ನಿಂತಿತು,
ಮುನಿದು ಬಾಗಿಲಲ್ಲೇ ಕೂತ ಬೀಗರ ಹಾಗೆ.
ಹಿಮ್ಮುಳ್ಳು ಚರ್ಮ ಕಚ್ಚಿಕೊಂಡು ತೂಗಾಡಿತು.
ಬಿದಿರೆಲೆ ಹೊಕ್ಕದ್ದು ನನಗೆ ಕಾಣಲಿಲ್ಲ.
ದಿಂಡಿನಾಚೆ ಮೊನೆ, ಅದರ ತುದಿಯಲ್ಲಿ ಬಾಳೆಯ ನೀರು.

ಅಪ್ಪ ಅರಳಿ ಎಲೆಯನ್ನು ಪಂಚೆಯ ಅಂಚಲ್ಲಿ ಒರೆಸಿ
ಇದ್ದ ಜಾಗದಲ್ಲೇ ಇಟ್ಟ.
'ಸೂಜಿ ಹಿಡ್ಕಂಡು ಹಂದಿಗೆ ಹೋಗು ಅಂತೀಯ' ಅಂದ, ಎಷ್ಟೋ ಹೊತ್ತಾದ ಮೇಲೆ.

'ಹೊಲಿಯಕ್ಕಲ್ಲ, ಸೀಳಕ್ಕೆ. ಉದ್ದ ಮೂರು, ಅಗಲ ಒಂದು.
ದಪ್ಪ ಮಾಡ್ಕೊಡ್ತೀನಿ. ಮುಂದ್ಗಡೆ ಭಾರ ಇದ್ರೆ
ನಿಧಾನಕ್ಕೆ ಹೋದ್ರೂ ಹಟ ಬಿಡಲ್ಲ.
ಅಂಚು ಮಾತ್ರ ನೀನೇ ಮಸೀಬೇಕು. ಹತ್ರ ಹೋಗ್ಬೇಕು.
ಮುಖ ಕೊಟ್ರೆ ಹೊಡೀಬ್ಯಾಡ, ಭುಜದ ಮೂಳೆ ಮುಟ್ಬ್ಯಾಡ.
ಪಕ್ಕೆ ಕೊಡೋಗಂಟ ಕಾಯಿ.'

ಮಸೆದ. ಕಾವೇರಿಯ ನುಣುಪುಕಲ್ಲು, ಒಂದಿಷ್ಟು ಹರಳೆಣ್ಣೆ,
ಮೂರು ಸಂಜೆ, ಮುಂಗೈಯ ಕೂದಲು ಬೋಳಾಗುವ ತನಕ.
'ಹಂದಿಗೆ ಚೌರ ಮಾಡ್ತೀಯಾ?' ಅಂದಳು ಅವ್ವ.

ಕೂಳೆ ಕಬ್ಬಿನ ಬದು. ಅಷ್ಟಮಿಯ ಬೆಳಕು.
ಹಂದಿ ಬಂದದ್ದು ಮೊದಲು ಮೂಗಿಗೆ, ಆಮೇಲೆ ಕಿವಿಗೆ.
ಬಂದದ್ದು ನಮ್ಮ ಕಡೆಗೇ ಮುಖ ಮಾಡಿ ನಿಂತಿತು.
ಎಳೆದ ಹೆದೆಯನ್ನು ಅಪ್ಪ ಮೆಲ್ಲಗೆ ಬಿಟ್ಟುಕೊಟ್ಟ.
ದೊಡ್ಡ ಬಿಲ್ಲಿನ ಕಾಲದಲ್ಲಿ ಅವನು ಹೀಗೆ ಮಾಡಿದ್ದು ನಾನು ಕಂಡಿಲ್ಲ.
ಒಂದು ಸೊಳ್ಳೆ ನನ್ನ ರೆಪ್ಪೆಯ ಮೇಲೆ ಕೂತು
ಹೊಟ್ಟೆ ತುಂಬಿಸಿಕೊಂಡು ಎದ್ದುಹೋಯಿತು.
ಹಂದಿ ಯಾವುದೋ ಬೇರಿಗೆ ತಿರುಗಿತು, ಮುಂಗಾಲು ಮುಂದಿಟ್ಟಿತು.
ಆಗ.

ಸದ್ದು ಒದ್ದೆ ಬಟ್ಟೆ ಒಮ್ಮೆ ಒದರಿದಷ್ಟು.
ಇಪ್ಪತ್ತು ಮಾರು ಓಡಿ, ಏನೋ ಮರೆತವರಂತೆ ನಿಂತು, ಕೂತಿತು.
ಬಾಣ ಅದರೊಳಗಿರಲಿಲ್ಲ. ಆಚೆಯ ಕಾಲುವೆಯ ಕೆಸರಲ್ಲಿ
ಗರಿಯವರೆಗೂ ಒದ್ದೆಯಾಗಿ ನೆಟ್ಟಿತ್ತು.

'ಹೆಜ್ಜೆ ಎಣ್ಸು ಸಣ್ಣಿ' ಅಂದ.
ಎಣಿಸಿದೆ. ಎಂಟು.

ಬೆಳಗ್ಗೆ ಜಗುಲಿಯಲ್ಲಿ ಪಾಲು ಹಾಕುವಾಗ
ಹದಿನೈದು ಹೆಜ್ಜೆ ಅಂದ ಅಪ್ಪ, ಊರಿಗೆಲ್ಲ ಕೇಳುವಂತೆ,
ಅಂದು ನನ್ನನ್ನು ನೋಡಿದ.
ನಾನು ಮುತ್ತುಗದ ಎಲೆಗಳನ್ನು ಜೋಡಿಸುತ್ತಿದ್ದೆ.