ಗುರುವಾರದ ಹೆಲಿಕಾಪ್ಟರು

ಥರ್ಮಾಮೀಟರು ಸುಳ್ಳು ಹೇಳುವುದಿಲ್ಲ, ಪಿಪಾಲುಕ್.
ನಿನ್ನೆ ಮೂವತ್ತೆಂಟು ಇದ್ದದ್ದು ಬೆಳಿಗ್ಗೆ ಮೂವತ್ತಾರೂವರೆ.
ಮೀನಿನ ತಲೆ ಇಟ್ಟರೆ ಮೂಸಿ ಬಿಟ್ಟಳು.
ಎನೋಕನ ಹಳೆಯ ಸ್ವೆಟರನ್ನು ಕೆರೆದು ಕೆರೆದು
ಅಲ್ಲಿಲ್ಲದ ಮಣ್ಣನ್ನು ತೋಡುತ್ತಿದ್ದಾಳೆ.
ಇವತ್ತು ರಾತ್ರಿಯೇ.

ಜಾರುಬಂಡಿಯ ನಾಯಿಗೆ ಮನೆಯೊಳಗೆ ಜಾಗವಿಲ್ಲ,
ಅದು ಈ ಊರಿನ ಕಟ್ಟಳೆ.
ಹೊರಗೆ ಮೈನಸ್ ಇಪ್ಪತ್ತೇಳು.
ಕಟ್ಟಳೆ ಹೊರಗೇ ಇರಲಿ, ನಾಸಾಕ್ ಒಳಗೆ ಬರಲಿ.
ತಲೆಯಷ್ಟೇ ಕಪ್ಪು ಇವಳಿಗೆ,
ಟೋಪಿ ಹಾಕಿಕೊಂಡೇ ಹುಟ್ಟಿದವಳು.

ದೀಪ ಹಿಡಿ. ಅಷ್ಟು ಹತ್ತಿರ ಬೇಡ, ಬೆಳಕಿಗೆ ನಾಚುತ್ತಾಳೆ.
ನೀನೂ ಕೂತುಕೋ, ನಿನಗೂ ಎಂಟು ತುಂಬಿತು.

ನೋಡು, ಮೊದಲನೆಯದು ತಾನಾಗಿ ಜಾರಿತು,
ಒದ್ದೆ ಚೀಲದೊಳಗೆ ಮುಷ್ಟಿಯಷ್ಟು ಕತ್ತಲೆ.
ತಾಯೇ ಹರಿದಳು, ತಾಯೇ ನೆಕ್ಕಿದಳು, ಬಳ್ಳಿ ಕಚ್ಚಿದಳು,
ಮಾಸನ್ನು ನುಂಗಿ ನಮ್ಮತ್ತ ತಿರುಗಿದಳು
ಏನು ನೋಡ್ತೀರಿ ಎನ್ನುವ ಹಾಗೆ.
ಎಣಿಸುತ್ತಿರು: ಮರಿ ಒಂದು, ಮಾಸು ಒಂದು.
ಲೆಕ್ಕ ತಪ್ಪಿದರೆ ಒಳಗುಳಿದದ್ದು ಕೊಳೆಯುತ್ತದೆ.
ಸೂಲಗಿತ್ತಿಯ ವಿದ್ಯೆಯಲ್ಲಿ ಅರ್ಧ ಎಣಿಕೆ,
ಇನ್ನರ್ಧ ಕೈಕಟ್ಟಿ ಕೂರುವುದು.

ಈ ಕೈಗಳು ನಲವತ್ತೊಂದು ಕೂಸುಗಳನ್ನು ಹಿಡಿದಿವೆ.
ನಿನ್ನಮ್ಮ ಕಾಲು ಮುಂದೆ ಮಾಡಿ ಬಂದಳು,
ಮೊಂಡಿ, ಈಗಲೂ ಹಾಗೇ.
ಆಮೇಲೆ ಒಂದು ಕಾಗದ ಬಂತು:
ಇನ್ನು ಹೆರಿಗೆಯೆಲ್ಲ ಪಟ್ಟಣದ ಆಸ್ಪತ್ರೆಯಲ್ಲಿ,
ದಿನ ತುಂಬುವ ಮೊದಲೇ ಹೆಲಿಕಾಪ್ಟರು.
ಒಳ್ಳೆಯದೇ. ನನ್ನ ಕೈಯಲ್ಲಿ ಉಳಿಯದ ಇಬ್ಬರು
ಅಲ್ಲಿದ್ದರೆ ಬದುಕುತ್ತಿದ್ದರು, ಗೊತ್ತು ನನಗೆ.
ಇಡಬೇಕೆಂದಿದ್ದ ಹೆಸರೂ ಗೊತ್ತು.
ಹತ್ತೊಂಬತ್ತು ವರ್ಷದಿಂದ ಇಲ್ಲಿ
ಜನ ಮದುವೆಯಾಗುತ್ತಾರೆ, ಕುಡಿಯುತ್ತಾರೆ, ಸಾಯುತ್ತಾರೆ.
ಹುಟ್ಟುವುದು ನಾಯಿಗಳು ಮಾತ್ರ.

ಮೂರಾಯಿತು. ಗಡಿಯಾರ ನೋಡು.
ಅರ್ಧ ಗಂಟೆಯಿಂದ ತಿಣುಕುತ್ತಾಳೆ, ಏನೂ ಇಲ್ಲ.
ಪಶುವೈದ್ಯ ಹಿಮದಾಚೆ, ಫೋನು ಬರೀ ಗೊರ ಗೊರ.
ಅಗೋ ಹಿಂಗಾಲು.
ಆ ಟವಲು ಕೊಡು. ಅಲ್ಲ, ನೀನೇ ಹಿಡಿ,
ನನ್ನ ಬೆರಳು ಸಂಧಿವಾತಕ್ಕೆ ಕೊಟ್ಟಾಗಿದೆ.
ಅವಳಿಗೆ ನೋವು ಬಂದಾಗಷ್ಟೇ ಎಳೆ, ಕೆಳಮುಖವಾಗಿ,
ನೋವು ನಿಂತರೆ ನೀನೂ ನಿಲ್ಲು.
ಈಗ.
ನಿಲ್ಲು.
ಈಗ.

ಸತ್ತಿದೆ ಅಂತೀಯಾ?
ಅದನ್ನು ಅದೇ ಹೇಳಲಿ, ನೀನು ಉಜ್ಜು.
ಬಾಯಿ ಒರೆಸು, ತಲೆ ತಗ್ಗಿಸಿ ಹಿಡಿ, ಉಜ್ಜು,
ಬೆನ್ನು, ಪಕ್ಕೆ, ಇನ್ನೂ ಜೋರಾಗಿ,
ಕಂಬಳಿಯ ಕಲೆ ತೆಗೆಯುವವಳ ಹಾಗೆ.
ನಾಲಿಗೆ ನೀಲಿ. ಇರಲಿ. ಉಜ್ಜು.

ಎಣ್ಣೆ ಕಾಣದ ಬಾಗಿಲಿನ ಕೀಲಿನಂತೆ
ಕೀಂ.

ಅಳಬೇಡ, ಅಥವಾ ಅಳು, ಕೈ ನಿಲ್ಲಿಸಬೇಡ.
ಹಾಲಿಗೆ ಹಚ್ಚಬೇಡ ಈಗಲೇ.
ತಣ್ಣಗಿರುವ ಮರಿಗೆ ಹಾಲು ವಿಷ,
ಮೊದಲು ಬಿಸಿ, ಆಮೇಲೆ ಮೊಲೆ.
ಅಂಗಿಯೊಳಗೆ ಹಾಕಿಕೋ, ಹೊಟ್ಟೆಯ ಮೇಲೆ.
ಯಾಕೆ ನಕ್ಕೆ?
ಒಳಗಿನಿಂದ ಒದ್ದಿತೇ? ಒದೆಯಲಿ.
ಪಕ್ಕದ ಮನೆಗೆ ಯಾರೋ ಬಂದಿದ್ದಾರೆಂದು ತಿಳಿಯಿತು ಅದಕ್ಕೆ.

ಐದನೆಯದು ಸಲೀಸು. ಆರನೆಯದು ಉಸಿರಾಡಲೇ ಇಲ್ಲ.
ನಾಸಾಕ್ ಅದನ್ನೂ ಬಹಳ ಹೊತ್ತು ನೆಕ್ಕಿದಳು.
ಅವಳ ಕಣ್ಣು ತಪ್ಪಿಸಿ ತೆಗೆಯಬಾರದು,
ಅವಳಾಗಿ ಬಿಡುವ ತನಕ ಕಾಯಬೇಕು.
ನಾಯಿ ಈಯುತ್ತದೆ, ಹೆಂಗಸು ಹೆರುತ್ತಾಳೆ ಎನ್ನುತ್ತೇವೆ,
ಆ ಹೊತ್ತಿಗೆ ಎರಡಕ್ಕೂ ಒಂದೇ ಮುಖ.

ಅಡುಗೆಮನೆಯ ತಕ್ಕಡಿ ತಾ.
ನಾಲ್ಕುನೂರ ಎಪ್ಪತ್ತು, ನಾಲ್ಕುನೂರ ಐವತ್ತು,
ನಿನ್ನ ನೀಲಿ ನಾಲಿಗೆಯವನು ಮುನ್ನೂರ ಎಂಬತ್ತು.
ದಿನವೂ ತೂಗುತ್ತೇನೆ. ಬರೆದಿಡುತ್ತೇನೆ,
ಹಳೆಯ ಪುಸ್ತಕದಲ್ಲೇ, ನಲವತ್ತೊಂದರ ಕೆಳಗೆ
ಒಂದು ಸಾಲು ಬಿಟ್ಟು.

ಗುರುವಾರ ಹವೆ ತಿಳಿಯಾದರೆ ನೀನು ಹೊರಡುತ್ತೀಯ.
ಅಲ್ಲಿ ಮಿಷನ್ನುಗಳಿವೆ, ಬೆಚ್ಚಗಿನ ದೀಪವಿದೆ,
ಹೆಸರು ಕೇಳಿ ಬರೆದುಕೊಳ್ಳುವ ನರ್ಸು ಇದ್ದಾಳೆ.
ನೀನು ಮರಳುವಾಗ ಇವು ಕಣ್ಣು ಬಿಟ್ಟಿರುತ್ತವೆ,
ಇವನು ನನ್ನ ಬೂಟಿನ ದಾರ ತಿಂದಿರುತ್ತಾನೆ.
ಕೂಸನ್ನು ಮೊದಲು ಇಲ್ಲಿಗೇ ತಾ.
ತಕ್ಕಡಿ ಒರೆಸಿ ಇಟ್ಟಿರುತ್ತೇನೆ.