ಎಂಟನೆಯವನು

ಫೈಲಿನಲ್ಲಿ ನನ್ನ ಹೆಸರು ದಮುದಾರ್.
ಸೊಹಾರಿನ ಆ ಕ್ಲಿನಿಕ್ಕಿನ ಹುಡುಗಿ ಮೂರು ಸಲ ಕೂಗಿದಳು.
ಬೇರೆ ಯಾರೂ ಏಳದ ಕಾರಣ
ದಾಮೋದರ ಎದ್ದ.

ಡಾಕ್ಟರು ಸುಡಾನಿನವರು. ಬೆಳಕಿನ ಹಲಗೆಗೆ
ನನ್ನ ದವಡೆಯ ಚಿತ್ರ ಸಿಕ್ಕಿಸಿ ಪೆನ್ನಿನ ತುದಿಯಲ್ಲಿ ಎಣಿಸಿದರು.
ಒಂದರಿಂದ ಏಳರವರೆಗೆ ಎಲ್ಲ ನೆಟ್ಟಗೆ,
ತಟ್ಟೆ ಹಿಡಿದು ಊಟಕ್ಕೆ ನಿಂತ ಹಾಗೆ.
ಎಂಟನೆಯವನು ವಸಡಿನೊಳಗೆ ಅಡ್ಡ ಮಲಗಿ
ಏಳನೆಯವನ ಬೆನ್ನಿಗೆ ತಲೆ ಒತ್ತಿದ್ದ.
'ದಿರ್ಸುಲ್ ಅಕ್ಲ್' ಎಂದರು. ಬುದ್ಧಿಯ ಹಲ್ಲು.
ಜಾಗ ಮುಗಿದ ಮೇಲೆ ಬರುವುದಕ್ಕೆ
ಎಂಥಾ ಬುದ್ಧಿ ಅಂತ ಕೇಳಬೇಕೆನಿಸಿತು;
ಬಾಯಿ ತೆರೆದೇ ಇತ್ತು, ಕೇಳಲಾಗಲಿಲ್ಲ.

ಅರವತ್ತೈದು ರಿಯಾಲು.
ಕಂಪನಿಯ ವಿಮೆಯಲ್ಲಿ ಕೈ ಇದೆ, ಕಾಲಿದೆ, ಕಣ್ಣೂ ಇದೆ.
ಹಲ್ಲು ಮೈಗೆ ಸೇರಿದ್ದಲ್ಲವಂತೆ.

ಸೂಜಿ. ಆಮೇಲೆ ಮರಗೆಲಸದ ಸದ್ದು,
ಯಾರದೋ ತಲೆಬುರುಡೆಯಲ್ಲಿ.
ನಾಲ್ಕು ತುಂಡಾಗಿ ಬಂತು ಎಂದರು.
ಟ್ರೇಯಲ್ಲಿ ಟಿಣ್ ಎಂದದ್ದು ನನಗೆ ಕೇಳಿದ್ದು ಮೂರೇ ಸಲ.

ನೋವು ಹತ್ತಿಕೊಂಡದ್ದು ಟ್ಯಾಕ್ಸಿಯಲ್ಲಿ, ಹಂಬಾರ್ ದಾಟಿದ ಮೇಲೆ.
ಮರಗಟ್ಟಿದ ತುಟಿಯ ಅಂಚಿಗೆ ಮೊದಲು ಒಂದು ಇರುವೆ.
ಮಗ್ರಿಬ್ ಬಾಂಗಿನ ಹೊತ್ತಿಗೆ ಕಿವಿಯ ತನಕ ಹೋಗಿ
ಚಾಪೆ ಹಾಸಿ ಕೂತಿತ್ತು.

ಕೆನ್ನೆಗೆ ಬಟಾಣಿಯ ಪ್ಯಾಕೆಟ್ಟು, ನಾಳೆಯ ಪುಲಾವಿಗೆ ತೆಗೆದಿಟ್ಟದ್ದು.
ಗಂಟಲಿಗೆ ತಣ್ಣನೆಯ ಲಬನ್, ಚಮಚ ಚಮಚ.
ಕರಕ್ ಚಾ ಇಲ್ಲ, ಬೀಡಿ ಇಲ್ಲ.
ಭಟ್ಕಳದ ಶಾಬಂದ್ರಿ ಪಕ್ಕದ ಮಂಚದಿಂದ ಎಚ್ಚರಿಸುತ್ತಾನೆ:
ಉಗುಳಬೇಡ, ನುಂಗು. ಉಗುಳಿದರೆ ಹೆಪ್ಪು ಕಿತ್ತು ಬರುತ್ತದೆ.
ಹದಿನೇಳು ವರ್ಷದಿಂದ ಮಾಡುತ್ತಿರುವುದು ಅದನ್ನೇ ಮಾರಾಯ.

ಶುಕ್ರವಾರ ನಾಗವೇಣಿಯ ಫೋನು.
ವಾರವಾರವೂ ಕೇಳುವವನು ನಾನು:
ಗ್ಯಾಸ್ ಬಂತಾ, ಫೀಸು ಕಟ್ಟಿದೆಯಾ, ಬಾವಿಗೆ ಬಲೆ ಹಾಕಿಸಿದೆಯಾ.
ಈ ವಾರ ಬಾಯಿ ಒಂದು ಬೆರಳಷ್ಟೂ ತೆರೆಯದು.
ಅವಳಿಗೆ ಜಾಗ ಸಿಕ್ಕಿತು.
ಇಪ್ಪತ್ತು ನಿಮಿಷ ಏನೇನೋ ಹೇಳಿ,
ಕೊನೆಗೆ, ಬಟ್ಟೆ ಹಿಂಡುತ್ತಾ ಇದ್ದಳೋ ಏನೋ, ಅಂದಳು:
'ನಂದೂ ತೆಗೆಸಿದ್ದೆ, ಹೋದ ಆಷಾಢದಲ್ಲಿ. ಎರಡು.
ಕುಮಟೆಗೆ ಬಸ್ಸಿಗೆ ಹೋಗಿ ಬಸ್ಸಿಗೇ ಬಂದೆ.
ನಿಮಗೆ ಹೇಳಿರಲಿಲ್ಲ.'
ಹ್ಞೂಂ ಎಂದೆ.
ಅಷ್ಟಕ್ಕೇ ಹೊಲಿಗೆ ಎಳೆಯಿತು.

ಮೂರನೆಯ ದಿನ ಅಡುಗೆಮನೆ. ನಾನೂರು ಜನರ ಸಾರು.
ನಾಲಿಗೆಗೆ ರಕ್ತ ಮತ್ತು ಲವಂಗ ಬಿಟ್ಟರೆ ಬೇರೇನೂ ತಿಳಿಯದು.
ಖಿಮಾನಂದನ ಅಂಗೈಗೆ ಸೌಟಿನ ತುದಿ ಬಗ್ಗಿಸಿ ಮುಖ ನೋಡಿದೆ.
ತಲೆ ಆಡಿಸಿದ, ಉಪ್ಪು ಸಾಕು ಎಂದೋ ಸಾಲದು ಎಂದೋ.
ಇನ್ನೊಂದು ಹಿಡಿ ಹಾಕಿದೆ.
ಯಾರೂ ತುಟಿ ಪಿಟಕ್ಕೆನ್ನಲಿಲ್ಲ.
ನೀರಿನ ಡ್ರಮ್ಮು ಮಾತ್ರ ಮಧ್ಯಾಹ್ನಕ್ಕೇ ತಳ ಕಂಡಿತು.

ನಮ್ಮ ಕೋಣೆಯಲ್ಲೂ ಒಬ್ಬನಿದ್ದ.
ಏಳು ಮಂಚ, ಏಳು ಬತಾಕ; ನರ್ಸಿಮ್ಲುವಿಗೆ ಎರಡೂ ಇಲ್ಲ.
ಬಾಗಿಲ ಬಳಿ ಅಡ್ಡ ಮಲಗುತ್ತಿದ್ದ.
ರಾತ್ರಿ ಉಚ್ಚೆಗೆ ಎದ್ದವರು ಅವನ ಮೊಣಕಾಲು ತುಳಿದೇ ಹೋಗಬೇಕು.
ನಾಲ್ಕು ತಿಂಗಳಲ್ಲಿ ಒಮ್ಮೆಯೂ ಕಿರುಚಲಿಲ್ಲ ಪುಣ್ಯಾತ್ಮ,
ಕಾಲು ಇನ್ನಷ್ಟು ಮಡಚುತ್ತಿದ್ದ.
ಬೇರೆ ಕಡೆ ನೋಡಿಕೋ, ನಮಗೂ ಉಸಿರಾಡಬೇಕು
ಅಂತ ಅವನಿಗೆ ಹೇಳಿದ್ದು ನಾನು.
ಎರಡು ದಿನದಲ್ಲಿ ಹೋದ.
ಚೀಲ ಸಣ್ಣದಿತ್ತು. ಎಲ್ಲಿಗೆ ಅಂತ ಕೇಳಲಿಲ್ಲ.

ಈಗ ಬೇಡವೆಂದರೂ ನಾಲಿಗೆ
ಆ ಗುಳಿಯ ಹತ್ತಿರ ಹೋಗಿ ಗಂಟು ಮುಟ್ಟಿ ಬರುತ್ತದೆ.

ನಿನ್ನೆ ರಾತ್ರಿ ಎರಡಕ್ಕೆ ಮಾತ್ರೆಗೆಂದು ಎದ್ದವನು
ಲೈಟು ಹಾಕದೆ ಬಾಗಿಲ ತನಕ ತಡವಿಕೊಂಡು ಹೋಗಿ
ಅಲ್ಲಿ ಕಾಲೆತ್ತಿ
ದೊಡ್ಡ ಹೆಜ್ಜೆ ಇಟ್ಟೆ,
ತುಳಿಯದ ಹಾಗೆ.