ಅರ್ಧ ಟಿಕೇಟು

ವಿಜಯಪುರ–ಇಂಡಿ ಬಸ್ಸಿನಾಗ
ದಿನಾ ಕೇಳತೀನಿ ನಾನು:
ಎಷ್ಟು ವಯಸ್ಸರೀ ಹುಡುಗಗ?
ಮೀಸಿ ಚಿಗುರಿದವನ್ನೂ ತೊಡಿ ಮ್ಯಾಲ ಎಳಕೊಂಡು
ಐದು ಅಂತಾರ ಎಲ್ಲಾ ಅವ್ವಂದಿರು.

ಇವತ್ತು ಕೇಳಿದಾವ ಅರಿವಳಿಕಿ ಡಾಕ್ಟರ.
ಆರೂವರಿ, ಅಂದೆ.
ತೂಕ?
ಹದಿನೇಳು ಕಿಲೋ, ಚಪ್ಪಲಿ ಬಿಟ್ಟು.
ಮತ್ತೊಮ್ಮೆ ಹೇಳಿದೆ, ತಪ್ಪಬಾರದಂತ.

ನಿನ್ನೆ ರಾತ್ರಿ ಹೊಟ್ಟಿ ಹಿಡಕೊಂಡು ಮುದ್ದಿಯಾದಾಗ
ಹಸಿ ಶೇಂಗಾ ತಿಂದಿ, ಭಾಡ್ಯಾ, ಅಂತ ಬೈದು
ಅಜವಾನ ಅಗದು ಬಾಯಾಗ ಹಾಕಿದ್ದೆ.
ಅಪೆಂಡಿಕ್ಸ್ ಆಗಲೇ ಒಡದಿತ್ತಂತ.

ಉಡದಾರ ಕತ್ತರಿಸಿ
ನನ್ನ ಅಂಗೈಯಾಗ ಇಟ್ಟಳು ಸಿಸ್ಟರು.
ಇನ್ನೂ ಬಿಸಿ ಇತ್ತು, ಅವನ ಜ್ವರದ್ದು.

ಗಾಲಿ ಮಂಚ ಅಲುಗಿತು.
ಅರೆನಿದ್ದಿಯೊಳಗ ಅಮೋಗಿ ಅಂದ:
ಅವ್ವಾ, ಸೀಟಿ ಹೊಡಿ.

ಬಾಗಿಲ ಮುಚ್ಚಿ ಎರಡು ತಾಸಾತು.
ಡ್ಯೂಟಿ ಮ್ಯಾಲಿಂದನ ಓಡಿ ಬಂದವಳು,
ಖಾಕಿ ಹಂಗೇ ಐತಿ ಮೈಮ್ಯಾಲ.
ಚೀಲದಾಗಿನ ಚಿಲ್ಲರ ಎಣಸತೀನಿ,
ನಲವತ್ತರ ಹತ್ರ ತಪ್ಪತೈತಿ,
ಮತ್ತ ಒಂದರಿಂದ.

ಸೀಟಿ ಹಲ್ಲಾಗ ಕಚ್ಚಿ ಕುಂತೀನಿ.
ಒಂದು ಊದಿದ್ರ ನಿಂದರತೈತಿ,
ಎರಡು ಊದಿದ್ರ ಹೊಂಟ ಬಿಡತೈತಿ.
ಯಾವುದೂ ಊದಾಕ ಧೈರ್ಯ ಆಗವಲ್ದು.
ಉಸಿರು ಬಿಟ್ರೂ
ಸಣ್ಣಗ ಸಪ್ಪಳ ಮಾಡತೈತಿ ಅದು.